ಎತ್ತುವುದು ಎಣ್ಣೆ, ಹೊರುವುದು ಲಾಕ್: ಟು-ಪೋಸ್ಟ್ ಲಿಫ್ಟಿನ ಸುರಕ್ಷತೆ, ನೆಲದಿಂದ ಸೂರಿನವರೆಗೆ

ಗ್ಯಾರೇಜಿನಲ್ಲಿ ಗುಂಡಿ ಇದ್ದ ಕಾಲದಲ್ಲಿ ನಮಗಿದ್ದ ಭಯ ಒಂದೇ, ಯಾರಾದರೂ ಅದರೊಳಗೆ ಬಿದ್ದಾರು ಅಂತ. ಈಗ ಸಣ್ಣ ಊರುಗಳಲ್ಲೂ ಎರಡು ಕಂಬದ ಹೈಡ್ರಾಲಿಕ್ ಲಿಫ್ಟ್ ಬಂದಿದೆ. ಈಗ ಕಾರು ಮೇಲೆ, ನಾವು ಕೆಳಗೆ.

ನಾನು ಮೊದಲು ತಂದದ್ದು ಸೆಕೆಂಡ್ ಹ್ಯಾಂಡ್ ಲಿಫ್ಟ್. ಕೂರಿಸಿ ಮೊದಲ ಸಲ ಎತ್ತಿದಾಗ ‘ಟಕ್, ಟಕ್’ ಶಬ್ದ ಬಲಗಡೆಯ ಕಂಬದಿಂದ ಮಾತ್ರ ಬರುತ್ತಿತ್ತು. ಎಡಗಡೆ ಮೌನ. ಕವರ್ ಬಿಚ್ಚಿ ನೋಡಿದರೆ, ಎತ್ತಿದ ಕಾರು ಕೆಳಗೆ ಬೀಳದಂತೆ ತಡೆಯುವ ಆ ಬದಿಯ ಲಾಕನ್ನು ಬೈಂಡಿಂಗ್ ವೈರಿನಲ್ಲಿ ಹಿಂದಕ್ಕೆ ಎಳೆದು ಕಟ್ಟಿದ್ದರು. ಮಾರಿದವರನ್ನು ಕೇಳಿದೆ. ‘ಇಳಿಸುವಾಗ ಸಿಕ್ಕಿಹಾಕಿಕೊಳ್ತಿತ್ತು, ಅದಕ್ಕೇ ಕಟ್ಟಿದ್ವಿ’ ಅಂದರು. ಅಂದರೆ ಅಷ್ಟೂ ದಿನ ಆ ಗ್ಯಾರೇಜಿನ ಹುಡುಗರು ಅರ್ಧ ಲಾಕಿನ ಕೆಳಗೆ ಕೆಲಸ ಮಾಡಿದ್ದಾರೆ. ಲಿಫ್ಟಿಗೆ ಕಂಪನಿಯವರು ಕೊಟ್ಟ ರಕ್ಷಣೆಗಳು ಹೀಗೇ ಒಂದೊಂದಾಗಿ, ಯಾರಿಗೂ ಗೊತ್ತಾಗದಂತೆ ಸಾಯುತ್ತವೆ. ಆದ್ದರಿಂದ ಪ್ರತಿಯೊಂದೂ ಏನು ಮಾಡುತ್ತದೆ, ಬದುಕಿದೆಯೋ ಇಲ್ಲವೋ ಎಂದು ಹೇಗೆ ನೋಡುವುದು ಎಂದು ಇಲ್ಲಿ ಬರೆದಿದ್ದೇನೆ. ಮನಸ್ಸಿನಲ್ಲಿರುವುದು ನಮ್ಮಲ್ಲಿ ಜಾಸ್ತಿ ಕಾಣುವ 4 ಟನ್ನಿನ ಟು-ಪೋಸ್ಟ್ ಲಿಫ್ಟ್.

ಮೊದಲು ನೆಲ ನೋಡಿ

ಲಿಫ್ಟಿನ ಬುಡ ಆಂಕರ್ ಬೋಲ್ಟುಗಳಲ್ಲಿದೆ, ಬೋಲ್ಟುಗಳ ಬುಡ ಕಾಂಕ್ರೀಟಿನಲ್ಲಿದೆ. ಕಾರನ್ನು ಹೊರುವ ತೋಳುಗಳು, ಅಂದರೆ ಆರ್ಮ್‌ಗಳು, ಕಂಬದಿಂದ ಒಳಗೆ ಚಾಚಿಕೊಂಡಿರುವುದರಿಂದ ಕಾರಿನ ಭಾರ ಎರಡೂ ಕಂಬಗಳನ್ನು ಒಳಕ್ಕೆ ಬಗ್ಗಿಸಲು ನೋಡುತ್ತದೆ. ಆಗ ಹೊರಬದಿಯ ಬೋಲ್ಟುಗಳು ಮೇಲಕ್ಕೆ ಕಿತ್ತುಬರಲು ಎಳೆಯುತ್ತವೆ. ಅವು ಹಿಡಿದಿರಬೇಕಾದದ್ದು ಕಾಂಕ್ರೀಟನ್ನು. ಮೇಲಿನ ಟೈಲ್ಸನ್ನೂ ಅಲ್ಲ, ಕಡಪಾ ಕಲ್ಲನ್ನೂ ಅಲ್ಲ.

ಕಾಂಕ್ರೀಟ್ ಎಷ್ಟು ದಪ್ಪ ಇರಬೇಕು? ಈ ಅಳತೆಯ ಲಿಫ್ಟಿಗೆ ಬೇರೆ ಬೇರೆ ಕಂಪನಿಗಳ ಮ್ಯಾನ್ಯುಯಲ್‌ಗಳು 4 ಇಂಚಿನಿಂದ 8 ಇಂಚಿನವರೆಗೆ ಕೇಳುತ್ತವೆ. ನಿಮ್ಮ ಲಿಫ್ಟಿನದು ಏನು ಹೇಳುತ್ತದೋ ಅದೇ ಲೆಕ್ಕ. ಹಳೆಯ ಶೆಡ್ಡಿನ ನೆಲವನ್ನು ನಂಬಬೇಡಿ. ಒಂದು ತೂತು ಕೊರೆದು, ತಂತಿ ಬಿಟ್ಟು, ದಪ್ಪ ಅಳೆದು ನೋಡಿ. ಎಷ್ಟೋ ಶೆಡ್‌ಗಳಲ್ಲಿ ಎರಡು ಇಂಚಿನ ಕೆಳಗೆ ಬರೀ ಮಣ್ಣು, ಜಲ್ಲಿ. ಹಾಗಿದ್ದರೆ ಎರಡೂ ಕಂಬದ ಜಾಗ ಒಡೆದು, ಕಂಬಿ ಕಟ್ಟಿ, ಹೊಸದಾಗಿ ಹಾಕಿಸಿ. ಹಾಕಿದ ಮೇಲೆ 28 ದಿನ ಕಾಯಿರಿ. ‘ವಾರ ಆಯ್ತಲ್ಲಾ ಸಾರ್, ಗಟ್ಟಿಯಾಗಿದೆ’ ಎಂದು ಮೇಸ್ತ್ರಿ ಹೇಳುತ್ತಾರೆ. ಮೇಲೆ ಗಟ್ಟಿಯಾಗಿರುತ್ತದೆ, ನಿಜ. ಬೋಲ್ಟ್ ಕೂರುವ ಆಳಕ್ಕೆ ಪೂರ್ತಿ ಬಲ ಬಂದಿರುವುದಿಲ್ಲ.

ಬಿರುಕು, ಜಾಯಿಂಟ್, ಚರಂಡಿಯ ಅಂಚು ಇವುಗಳ ಹತ್ತಿರ ಬೋಲ್ಟ್ ಬೇಡ. ಕಂಬ ಕೂರಿಸಿದ ಮೇಲೆ ರಸಮಟ್ಟ ಇಟ್ಟು ಎರಡು ದಿಕ್ಕಿನಲ್ಲೂ ನೋಡಿ. ಬೋಲ್ಟನ್ನು ಟಾರ್ಕ್ ರೆಂಚಿನಲ್ಲೇ, ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಿರಿ. ಕೆಲವು ದಿನ ಬಿಟ್ಟು ಮತ್ತೆ ನೋಡಿ. ಒಂದು ಬೋಲ್ಟ್ ತಿರುಗುತ್ತಲೇ ಇದೆ, ಟಾರ್ಕ್ ಬರುತ್ತಲೇ ಇಲ್ಲ ಎಂದರೆ ಅದು ಹಿಡಿತ ಬಿಟ್ಟಿದೆ. ಅದೇ ತೂತಿಗೆ ಸಿಮೆಂಟ್ ಹಾಲು ಸುರಿದು ಮತ್ತೆ ಬಿಗಿಯುವ ಸಾಹಸ ಬೇಡ. ಲಿಫ್ಟ್ ನಿಲ್ಲಿಸಿ, ಕೂರಿಸಿದ ಕಂಪನಿಯವರನ್ನು ಕರೆಸಿ.

ಎತ್ತರದ ಲೆಕ್ಕವನ್ನೂ ಈಗಲೇ ಮಾಡಿಕೊಳ್ಳಿ. ಇನೋವಾ ಕ್ರಿಸ್ಟಾ ಸುಮಾರು 1.8 ಮೀಟರ್ ಎತ್ತರ. ಲಿಫ್ಟ್ ಅದನ್ನು 1.9 ಮೀಟರ್ ಎತ್ತಿದರೆ ಒಟ್ಟು 3.7. ಶೀಟಿನ ಸೂರು, ಫ್ಯಾನು, ಟ್ಯೂಬ್‌ಲೈಟು ಎಲ್ಲ ಅದಕ್ಕಿಂತ ಮೇಲಿರಬೇಕು.

ಲಾಕ್: ಲಿಫ್ಟಿನ ಜೀವ ಇರುವುದು ಇಲ್ಲಿ

ಸ್ವಿಚ್ ಒತ್ತಿದಾಗ ಮೋಟಾರು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ. ಕಂಬದೊಳಗಿನ ಕ್ಯಾರೇಜ್ ಮೇಲೇರುತ್ತದೆ, ಅದಕ್ಕೆ ಜೋಡಿಸಿದ ಆರ್ಮ್‌ಗಳು ಕಾರನ್ನು ಎತ್ತುತ್ತವೆ. ಏರುತ್ತಿರುವಾಗ ಸ್ಪ್ರಿಂಗ್ ಇರುವ ಒಂದು ಉಕ್ಕಿನ ನಾಲಿಗೆ ಕೆಲವು ಇಂಚಿಗೊಮ್ಮೆ ಹಲ್ಲಿಗೆ ಬಂದು ಬೀಳುತ್ತದೆ. ನಿಮಗೆ ಕೇಳುವ ‘ಟಕ್’ ಅದೇ.

ಇಲ್ಲೇ ತುಂಬ ಜನ ತಪ್ಪು ತಿಳಿಯುವುದು. ಟಕ್ ಅಂದಿತು, ಕಾರು ನಿಂತಿತು, ಹಾಗಾದರೆ ಲಾಕ್ ಆಯಿತು ಅಂದುಕೊಳ್ಳುತ್ತಾರೆ. ಇಲ್ಲ. ಆಗ ಕಾರು ಇನ್ನೂ ಎಣ್ಣೆಯ ಮೇಲೇ ನಿಂತಿದೆ. ನಾಲಿಗೆ ಹಲ್ಲಿನ ಎದುರು ಇದೆ, ಆದರೆ ಅದರ ಮೇಲೆ ಭಾರ ಬಿದ್ದಿಲ್ಲ. ಬೇಕಾದ ಎತ್ತರಕ್ಕಿಂತ ಒಂಚೂರು ಮೇಲೆ ಎತ್ತಿ, ಇಳಿಸುವ ಲಿವರ್ ಒತ್ತಿ, ಕ್ಯಾರೇಜ್ ಎರಡೂ ಕಡೆ ಹಲ್ಲಿನ ಮೇಲೆ ಕೂತು ನಿಲ್ಲುವವರೆಗೆ ಇಳಿಸಬೇಕು. ಆಗ ಸೀಲ್ ಹೋದರೂ, ಹೋಸ್ ಪೈಪ್ ಒಡೆದರೂ ಕಾರು ಉಕ್ಕಿನ ಮೇಲೆ ಇರುತ್ತದೆ. ಇದಕ್ಕೆ ಹಿಡಿಯುವುದು ಹತ್ತು ಸೆಕೆಂಡು. ಬರೀ ಎಣ್ಣೆ ಬದಲಾಯಿಸುವ ಐದು ನಿಮಿಷದ ಕೆಲಸಕ್ಕೂ ನಮ್ಮಲ್ಲಿ ಇದನ್ನು ಬಿಡುವುದಿಲ್ಲ.

ಲಾಕ್ ಪರೀಕ್ಷೆ ಹೀಗೆ ಮಾಡಿ. ಮೊದಲು ಖಾಲಿ ಲಿಫ್ಟನ್ನು ಪೂರ್ತಿ ಎತ್ತಿ, ಕಿವಿಗೊಟ್ಟು ಕೇಳಿ. ಎರಡೂ ಕಂಬದ ಟಕ್ ಒಟ್ಟಿಗೇ ಅಥವಾ ಕೂದಲೆಳೆಯ ಅಂತರದಲ್ಲಿ ಬರಬೇಕು. ಒಂದು ಕಡೆ ‘ಟಕ್’ ಅಂದು, ಇನ್ನೊಂದು ಕಡೆ ಅರ್ಧ ಉಸಿರು ಬಿಟ್ಟು ‘ಟಕ್’ ಅಂದರೆ ಎರಡು ಕ್ಯಾರೇಜ್ ಒಂದೇ ಮಟ್ಟದಲ್ಲಿಲ್ಲ. ಆಮೇಲೆ ಕೆಳಗೆ, ನಡುವೆ, ಮೇಲೆ, ಹೀಗೆ ಮೂರು ಎತ್ತರದಲ್ಲಿ ಲಾಕ್ ಮೇಲೆ ಕೂರಿಸಿ. ಪ್ರತಿ ಸಲವೂ ನೆಲದಿಂದ ಎರಡೂ ಕ್ಯಾರೇಜಿನ ಎತ್ತರವನ್ನು ಟೇಪಿನಲ್ಲಿ ಅಳೆಯಿರಿ. ಕೊನೆಗೆ ಒಂದು ಹಗುರ ಕಾರು ಇಟ್ಟು ಇದನ್ನೇ ಮಾಡಿ. ಕೆಳಗೆ ಯಾರೂ ಇರಕೂಡದು.

ನಾಲಿಗೆಯ ಅಂಚು ದುಂಡಗಾಗಿದೆಯೇ, ಹಲ್ಲು ಸವೆದಿದೆಯೇ, ಸ್ಪ್ರಿಂಗ್ ಸತ್ತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಗ್ರೀಸು, ಧೂಳು ಸೇರಿ ಗೋಂದಿನ ಹಾಗಾದರೆ ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಸೆಕೆಂಡ್ ಹ್ಯಾಂಡ್ ಲಿಫ್ಟಿನಲ್ಲಿ ‘ಸಿಕ್ಕಿಹಾಕಿಕೊಳ್ತಿದ್ದ’ ಲಾಕಿನ ರೋಗ ಇಷ್ಟೇ ಆಗಿತ್ತು. ಡೀಸೆಲ್ ಹಾಕಿ ತೊಳೆದ ಮೇಲೆ ಸರಿಹೋಯಿತು. ಅದಕ್ಕೆ ವೈರ್ ಕಟ್ಟಿದ್ದರು ನೋಡಿ.

ಲಾಕ್ ಬಿಡಿಸುವ ರೀತಿ ಎರಡು ತರಹ. ಒಂದೇ ಕಡೆ ಎಳೆದರೆ ಎರಡೂ ಬಿಡುವುದು ಒಂದು. ಒಂದೊಂದು ಕಂಬಕ್ಕೂ ಹೋಗಿ ಬೇರೆಬೇರೆ ಎಳೆಯುವುದು ಇನ್ನೊಂದು. ಒಂದೇ ಕಡೆಯದ್ದು ಅನುಕೂಲ. ಆದರೆ ಅದರಲ್ಲಿ ಆಚೆ ಕಂಬಕ್ಕೆ ಹೋಗುವ ಸಣ್ಣ ಕೇಬಲ್ ಸಡಿಲಾದರೆ ಒಂದು ಕಡೆ ಲಾಕ್ ಬಿಡುತ್ತದೆ, ಇನ್ನೊಂದು ಕಡೆ ಬಿಡುವುದಿಲ್ಲ. ಕರೆಂಟಿನಿಂದ ಬಿಡುವ ಲಾಕ್ ಇದ್ದರೆ ಎರಡೂ ಕಡೆಯ ಕಾಯಿಲ್ ಕೆಲಸ ಮಾಡುತ್ತಿದೆಯೇ ನೋಡಿ.

ಎರಡು ಕಂಬ ಜೊತೆಯಾಗಿ ನಡೆಯುವುದು ವೈರ್ ರೋಪಿನಿಂದ

ಒಂದು ಕ್ಯಾರೇಜಿನಿಂದ ಹೊರಟ ಉಕ್ಕಿನ ರೋಪ್ ಪುಲ್ಲಿಗಳನ್ನು ಸುತ್ತಿ ಇನ್ನೊಂದು ಕಂಬದ ಕ್ಯಾರೇಜಿಗೆ ಹೋಗುತ್ತದೆ. ಇಂಥವು ಎರಡು ಇರುತ್ತವೆ. ಒಂದು ಬದಿ ಏರಿದರೆ ಇನ್ನೊಂದೂ ಏರಲೇಬೇಕು, ಅದು ಅವುಗಳ ಕೆಲಸ. ಕಾರಿನ ಭಾರವನ್ನು ಹೊರುವುದು ಅವುಗಳ ಕೆಲಸವಲ್ಲ. ಹೊಸ ರೋಪ್ ಬಳಸುತ್ತಾ ಉದ್ದವಾಗುತ್ತದೆ, ಆಗಾಗ ಬಿಗಿ ಸರಿಮಾಡಬೇಕಾಗುತ್ತದೆ.

ರೋಪನ್ನು ಬರಿಗೈಯಲ್ಲಿ ಸವರಬೇಡಿ. ಒಂದು ಹತ್ತಿ ಬಟ್ಟೆ ಸುತ್ತಿ ಮೆಲ್ಲಗೆ ಎಳೆಯಿರಿ. ಎಳೆ ತುಂಡಾಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಕಣ್ಣಿಗೆ ಕಾಣದ್ದನ್ನು ಬಟ್ಟೆ ಹೇಳುತ್ತದೆ. ತುಂಡು ಎಳೆ, ಒಳಗಿನ ತುಕ್ಕು, ಚಪ್ಪಟೆಯಾದ ಜಾಗ, ಪಂಜರದ ಹಾಗೆ ಉಬ್ಬಿದ ಜಾಗ, ಇವುಗಳಲ್ಲಿ ಯಾವುದು ಕಂಡರೂ ರೋಪ್ ಬದಲಾಯಿಸಿ. ಜೋಡಿಯಾಗಿಯೇ ಬದಲಾಯಿಸಿದರೆ ಒಳ್ಳೆಯದು. ಪುಲ್ಲಿಯನ್ನು ಮರೆಯಬೇಡಿ. ಪಿನ್ ಸವೆದರೆ ಅದು ಓರೆಯಾಗಿ ರೋಪಿನ ಬದಿಯನ್ನು ತಿನ್ನುತ್ತದೆ. ಕರಾವಳಿಯ ಗ್ಯಾರೇಜುಗಳಲ್ಲಿ ಉಪ್ಪು ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಮಂಗಳೂರಿನವರು, ಕಾರವಾರದವರು ಇದನ್ನು ಇನ್ನೂ ಬೇಗಬೇಗ ನೋಡಬೇಕು.

ಎಣ್ಣೆಯ ಕಡೆಯ ಕಾವಲುಗಾರರು

ಮೋಟಾರು, ಪಂಪು, ಎಣ್ಣೆ ಟ್ಯಾಂಕು ಒಟ್ಟಿಗಿರುವ ಪವರ್ ಪ್ಯಾಕಿನೊಳಗೆ ರಿಲೀಫ್ ವಾಲ್ವ್ ಇದೆ. ಭಾರ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ವಾಪಸ್ ಬಿಡುತ್ತದೆ, ಕಾರು ಏರುವುದಿಲ್ಲ. ಏರದಿದ್ದಾಗ ಆ ಸ್ಕ್ರೂ ಬಿಗಿಮಾಡುವ ಜಾಣರಿದ್ದಾರೆ. ಅದು ಫ್ಯಾಕ್ಟರಿಯಲ್ಲಿ ಹೊಂದಿಸಿದ್ದು, ಸುಮ್ನೆ ಬಿಟ್ಟುಬಿಡಿ.

ಇಳಿಯುವ ವೇಗಕ್ಕೆ ಕಡಿವಾಣ ಹಾಕುವ ಫ್ಲೋ ವಾಲ್ವ್ ಇನ್ನೊಂದು. ಭಾರದ ಗಾಡಿಯೂ ಧಡಾರನೆ ಇಳಿಯಬಾರದು. ಕೆಲವು ಮಾದರಿಗಳಲ್ಲಿ ಸಿಲಿಂಡರಿನ ಬಾಯಲ್ಲೇ ಇನ್ನೊಂದು ವಾಲ್ವ್ ಇರುತ್ತದೆ. ಹೋಸ್ ಒಡೆದು ಎಣ್ಣೆ ನುಗ್ಗಿದರೆ ತಾನೇ ಮುಚ್ಚಿಕೊಳ್ಳುತ್ತದೆ.

ಸ್ವಿಚ್ ಮತ್ತು ಲಿವರ್, ಎರಡೂ ಕೈ ಬಿಟ್ಟ ಕೂಡಲೇ ನಿಲ್ಲಬೇಕು. ಪ್ರತಿದಿನ ಬೆಳಗ್ಗೆ ಖಾಲಿ ಲಿಫ್ಟಿನಲ್ಲಿ ನೋಡಿ. ಅರ್ಧ ಎತ್ತಿ ಕೈ ಬಿಡಿ, ನಿಲ್ಲಬೇಕು. ಇಳಿಸುತ್ತಾ ಲಿವರ್ ಬಿಡಿ, ನಿಲ್ಲಬೇಕು. ಲಿವರಿಗೆ ಕಲ್ಲು ಕಟ್ಟಿ ಟೀ ಕುಡಿಯಲು ಹೋದವರನ್ನು ನಾನು ಕಂಡಿದ್ದೇನೆ.

ಎಣ್ಣೆ ಸೋರುವಿಕೆ ಕಣ್ಣಿಗೆ ಕಾಣದಿದ್ದರೆ ಸೀಮೆಸುಣ್ಣದ ಪರೀಕ್ಷೆ ಮಾಡಿ. ಕಾರನ್ನು ಒಂದು ಮೀಟರ್ ಎತ್ತಿ, ಲಾಕ್ ಮೇಲೆ ಕೂರಿಸದೆ, ಕ್ಯಾರೇಜ್ ಇರುವ ಜಾಗಕ್ಕೆ ಕಂಬದ ಮೇಲೆ ಗೆರೆ ಹಾಕಿ. ಸುತ್ತ ಹಗ್ಗ ಕಟ್ಟಿ, ಅರ್ಧ ಗಂಟೆ ಬಿಟ್ಟು ಬಂದು ನೋಡಿ. ಗೆರೆಯಿಂದ ಜಾರಿದ್ದರೆ ಒಳಗೆ ಸೀಲೋ ವಾಲ್ವೋ ಸೋರುತ್ತಿದೆ.

ಓವರ್‌ಹೆಡ್, ಅಂದರೆ ಎರಡು ಕಂಬವನ್ನು ಮೇಲೆ ಜೋಡಿಸುವ ತೊಲೆ ಇರುವ ಲಿಫ್ಟಿನಲ್ಲಿ ಮೇಲೆ ಅಡ್ಡಕ್ಕೆ ಒಂದು ಕಡ್ಡಿ ಇರುತ್ತದೆ. ಕಾರಿನ ಸೂರು ಅದಕ್ಕೆ ತಾಗಿದರೆ ಮೋಟಾರು ನಿಲ್ಲುತ್ತದೆ. ಒಬ್ಬರು ಪೊರಕೆ ಕೋಲಿನಿಂದ ಅದನ್ನು ಒತ್ತಿ, ಇನ್ನೊಬ್ಬರು ಸ್ವಿಚ್ ಹಿಡಿದು ನೋಡಿ. ಮೋಟಾರು ಓಡುತ್ತಲೇ ಇದ್ದರೆ ಅದರ ಲಿಮಿಟ್ ಸ್ವಿಚ್ ಕೆಟ್ಟಿದೆ, ಇಲ್ಲವೇ ಯಾರೋ ಬೈಪಾಸ್ ಮಾಡಿದ್ದಾರೆ. ಕಂಬಗಳನ್ನು ನೆಲದ ಪ್ಲೇಟಿನಲ್ಲಿ ಜೋಡಿಸಿದ ಲಿಫ್ಟಿನಲ್ಲಿ ಈ ಕಡ್ಡಿ ಇರುವುದಿಲ್ಲ, ಅಲ್ಲಿ ನಿಮ್ಮ ಕಣ್ಣೇ ಲಿಮಿಟ್ ಸ್ವಿಚ್.

ಕರೆಂಟಿನ ವಿಷಯ ಒಂದಿಷ್ಟು. ಲೈನ್ ಕೆಲಸ ಆದ ಮೇಲೆ ತ್ರೀ ಫೇಸಿನ ಎರಡು ಫೇಸ್ ಅದಲುಬದಲಾಗಿದ್ದರೆ ಹೈಡ್ರಾಲಿಕ್ ಲಿಫ್ಟಿನ ಮೋಟಾರು ಉಲ್ಟಾ ತಿರುಗುತ್ತದೆ, ಲಿಫ್ಟ್ ಏರುವುದಿಲ್ಲ. ಅಷ್ಟೇ. ಎಣ್ಣೆಯ ಬದಲು ತಿರುಗುವ ಉದ್ದ ಸ್ಕ್ರೂ ಎತ್ತುವ ಹಳೆಯ ಸ್ಕ್ರೂ ಲಿಫ್ಟಿನಲ್ಲಿ ಇದು ಅಪಾಯ. ಮೇಲೆ ಎಂದು ಒತ್ತಿದರೆ ಕೆಳಗೆ ಬರುತ್ತದೆ, ಲಿಮಿಟ್ ಸ್ವಿಚ್ಚೂ ತಪ್ಪು ದಿಕ್ಕನ್ನು ಕಾಯುತ್ತಿರುತ್ತದೆ. ಸ್ಕ್ರೂ ಲಿಫ್ಟ್ ಇಟ್ಟುಕೊಂಡವರು ಇನ್ನೊಂದನ್ನೂ ನೋಡಬೇಕು. ಭಾರ ಹೊರುವ ನಟ್ಟಿನ ಕೆಳಗೆ ಭಾರವಿಲ್ಲದ ಒಂದು ಸೇಫ್ಟಿ ನಟ್ ಇರುತ್ತದೆ. ಮೇಲಿನದು ಸವೆದಂತೆ ಎರಡರ ನಡುವಿನ ಸಂದು ಕಿರಿದಾಗುತ್ತದೆ. ಹೊಸದರಲ್ಲೇ ಆ ಸಂದು ಅಳೆದು ಬರೆದಿಡಿ.

ಲಾಕ್ ಮೇಲೆ ಕೂರಿಸಿದಾಗ ಕರೆಂಟ್ ಹೋದರೆ ಕಾರು ಮೇಲೇ ಉಳಿಯುತ್ತದೆ. ಲಾಕ್ ಬಿಡಿಸಲು ಮೊದಲು ಒಂದಿಂಚು ಎತ್ತಬೇಕಲ್ಲ. ಕೆಲವದರಲ್ಲಿ ಹ್ಯಾಂಡ್ ಪಂಪ್ ಇರುತ್ತದೆ. ಇಲ್ಲದಿದ್ದರೆ ಗಿರಾಕಿಗೆ ಒಂದು ಕಾಫಿ ಕೊಡಿಸಿ, ಕರೆಂಟ್ ಬರುವವರೆಗೆ ಕಾಯಿರಿ. ಜ್ಯಾಕ್ ಕೊಟ್ಟು, ಬಡಿದು ಲಾಕ್ ಬಿಡಿಸುವುದು ಬೇಡ.

ಆರ್ಮ್ ಮತ್ತು ಪ್ಯಾಡ್

ಕ್ಯಾರೇಜ್ ನೆಲ ಬಿಟ್ಟ ಕೂಡಲೇ ಆರ್ಮ್‌ನ ಬುಡದ ಹಲ್ಲು ಚಕ್ರಕ್ಕೆ ಹಲ್ಲು ಕಚ್ಚಿಕೊಂಡು, ಆರ್ಮ್ ಅಕ್ಕಪಕ್ಕ ಜರುಗದಂತೆ ಹಿಡಿಯುತ್ತದೆ. ಖಾಲಿ ಲಿಫ್ಟನ್ನು ಮೊಣಕಾಲೆತ್ತರ ಎತ್ತಿ ನಾಲ್ಕೂ ಆರ್ಮ್‌ಗಳನ್ನು ಕೈಯಿಂದ ಬಲವಾಗಿ ತಳ್ಳಿ ನೋಡಿ. ಒಂದು ಅಲ್ಲಾಡಿದರೂ ಆ ಲಿಫ್ಟಿಗೆ ಕಾರು ಹಾಕಬೇಡಿ. ಆರ್ಮ್ ತುದಿಯಲ್ಲಿ ಕಾರಿಗೆ ತಾಗುವ ರಬ್ಬರ್ ಪ್ಯಾಡ್ ಹರಿದಿದ್ದರೆ, ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಬದಲಾಯಿಸಿ. ಎತ್ತರ ಸಾಲದಿದ್ದರೆ ಕಂಪನಿಯ ಉಕ್ಕಿನ ಅಡಾಪ್ಟರ್ ಹಾಕಿ. ಮರದ ತುಂಡು, ಇಟ್ಟಿಗೆ ಬೇಡವೇ ಬೇಡ.

ಈಗ ಕಾರು ಹಾಕೋಣ

ಲಿಫ್ಟ್ ಎಷ್ಟೇ ಚೆನ್ನಾಗಿದ್ದರೂ ಕಾರನ್ನು ತಪ್ಪಾಗಿ ಕೂರಿಸಿದರೆ ಅದು ಜಾರುತ್ತದೆ. ಇದಕ್ಕೆ ಯಾವ ವಾಲ್ವೂ ಕಾವಲಿಲ್ಲ. ಹಾಗಾಗಿ ಇಲ್ಲಿ ಅವಸರ ಬೇಡ.

ಮೊದಲು ತೂಕ. ಆಲ್ಟೋ ಸುಮಾರು 750 ಕೆಜಿ, ಕ್ರಿಸ್ಟಾ 1,800 ಕೆಜಿ ಆಸುಪಾಸು, ಫಾರ್ಚುನರ್ 2 ಟನ್ ದಾಟುತ್ತದೆ. ಇವೆಲ್ಲ 4 ಟನ್ನಿನೊಳಗೇ. ಆದರೆ 4 ಟನ್ ಎಂದರೆ ಸಾಮಾನ್ಯವಾಗಿ ಒಂದೊಂದು ಆರ್ಮಿಗೆ 1 ಟನ್ ಎಂಬ ಲೆಕ್ಕ. ಈರುಳ್ಳಿ ಮೂಟೆ ಹೊತ್ತ ಪಿಕಪ್ ಬಂತು ಅನ್ನಿ. ಗಾಡಿ 1.7 ಟನ್, ಮೂಟೆ 1.5 ಟನ್, ಒಟ್ಟು 3.2. ಸರಿಯಿದೆ ಅನಿಸುತ್ತದೆ, ಅಲ್ವಾ? ಮೂಟೆಯ ಭಾರ ಹೆಚ್ಚುಕಡಿಮೆ ಎಲ್ಲ ಹಿಂದಕ್ಕೇ ಬಿದ್ದು, ಹಿಂದಿನ ಎರಡು ಆರ್ಮ್‌ಗಳ ಮೇಲೆ 2 ಟನ್ ಮೀರುತ್ತದೆ. ಲೋಡ್ ಇಳಿಸದ ಗಾಡಿಯನ್ನು ಎತ್ತಬೇಡಿ.

ಕಾರನ್ನು ಎರಡು ಕಂಬದ ನಡುವೆ ತಂದು, ಎಲ್ಲರನ್ನೂ ಇಳಿಸಿ. ಸೀಟಿನಲ್ಲಿ ಮಲಗಿರುವ ಮಗುವನ್ನೂ ನೋಡಿ. ಬಾಗಿಲು, ಡಿಕ್ಕಿ, ಬಾನೆಟ್ ಮುಚ್ಚಿ. ಭಾರದ ಮಧ್ಯ ಎಲ್ಲಿ ಬೀಳುತ್ತದೆ ಎಂದು ಅಂದಾಜು ಮಾಡಿ. ಸ್ವಿಫ್ಟ್‌ನಂಥ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದಿರುವುದರಿಂದ ಅದು ಮುಂದಿನ ಸೀಟಿನ ಹತ್ತಿರ ಇರುತ್ತದೆ. ಆ ಬಿಂದು ನಾಲ್ಕು ಪ್ಯಾಡ್‌ಗಳ ನಡುವೆ ಬರಬೇಕು.

ಎಲ್ಲಿ ಪ್ಯಾಡ್ ಕೊಡುವುದು? ಸ್ವಿಫ್ಟ್, ಐ20 ಮುಂತಾದವಕ್ಕೆ ಬಾಗಿಲ ಕೆಳಗಿನ ಅಂಚಿನಲ್ಲಿ ಜ್ಯಾಕ್ ಜಾಗದ ಗುರುತು ಇರುತ್ತದೆ. ಬೊಲೆರೊ, ಕ್ರಿಸ್ಟಾ, ಫಾರ್ಚುನರ್ ಚಾಸಿಸ್ ಮೇಲೆ ಕೂತ ಗಾಡಿಗಳು, ಪ್ಯಾಡನ್ನು ಚಾಸಿಸ್ ಫ್ರೇಮಿಗೇ ಕೊಡಿ. ಬ್ರೇಕ್ ಪೈಪ್, ಡೀಸೆಲ್ ಪೈಪ್, ಸೈಲೆನ್ಸರ್ ನಡುವೆ ಸಿಕ್ಕಿಲ್ಲ ತಾನೇ ಎಂದು ಬಗ್ಗಿ ನೋಡಿ. ತುಕ್ಕು ಹಿಡಿದ ಹಳೆ ಗಾಡಿಯ ಅಂಚು ಕೈಗೆ ಪುಡಿಯಾಗಿ ಬಂದರೆ ಅಲ್ಲಿ ಪ್ಯಾಡ್ ಬೇಡ. ಎಲೆಕ್ಟ್ರಿಕ್ ಕಾರಿಗೆ ಕಂಪನಿ ಗುರುತು ಹಾಕಿದ ಜಾಗದಲ್ಲೇ ಕೊಡಿ. ಹೊಟ್ಟೆಯ ತುಂಬ ಬ್ಯಾಟರಿ ಇರುತ್ತದೆ, ಅದರ ಮೇಲೆ ಪ್ಯಾಡ್ ಒತ್ತಬಾರದು.

ನಾಲ್ಕೂ ಪ್ಯಾಡ್ ತಾಗುವವರೆಗೆ ಎತ್ತಿ ನಿಲ್ಲಿಸಿ, ಒಂದು ಸುತ್ತು ಹೋಗಿ ನೋಡಿ. ಚಕ್ರ ನೆಲದಿಂದ ಅರ್ಧ ಅಡಿ ಬಿಟ್ಟಾಗ ಮತ್ತೆ ನಿಲ್ಲಿಸಿ. ಮುಂದೆ, ಹಿಂದೆ ಬಂಪರ್ ಹಿಡಿದು ಅಲ್ಲಾಡಿಸಿ. ಬೀಳುವುದಿದ್ದರೆ ಅರ್ಧ ಅಡಿಯಿಂದಲೇ ಬೀಳಲಿ. ಅನುಮಾನ ಬಂದರೆ ಇಳಿಸಿ ಮತ್ತೆ ಕೊಡಿ, ನಾಚಿಕೆ ಏನೂ ಇಲ್ಲ. ಸರಿ ಅನಿಸಿದರೆ ಬೇಕಾದಷ್ಟು ಎತ್ತಿ, ಲಾಕ್ ಮೇಲೆ ಕೂರಿಸಿ, ಎರಡೂ ಕಂಬ ಕಣ್ಣಾರೆ ನೋಡಿ, ಆಮೇಲೆ ಒಳಗೆ ಹೋಗಿ. ‘ಏನಾಗಿದೆ ತೋರ್ಸಿ’ ಎಂದು ಟೀ ಲೋಟ ಹಿಡಿದು ಜೊತೆಗೇ ಬರುವ ಗಿರಾಕಿಯನ್ನು ಹಳದಿ ಗೆರೆಯ ಆಚೆ ನಿಲ್ಲಿಸಿ.

ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸುವ ಕೆಲಸ ಇದ್ದರೆ ಬೇರೆ ಎಚ್ಚರ ಬೇಕು. ಮುಂದಿನ ನೂರಾರು ಕಿಲೋ ಒಮ್ಮೆಲೇ ಹೋದಾಗ ಸಮತೋಲ ಹಿಂದಕ್ಕೆ ಜರುಗುತ್ತದೆ, ಕಾರು ಬಾಲ ತಗ್ಗಿಸಿ ಮೂಗು ಎತ್ತುತ್ತದೆ. ಬಿಚ್ಚುವ ಮೊದಲೇ ಹಿಂದೆ ಎತ್ತರದ ಸ್ಟ್ಯಾಂಡ್ ಕೊಡಿ. ಬಿಗಿ ಬೋಲ್ಟಿಗೆ ಪೈಪ್ ಹಾಕಿ ಜೋತುಬೀಳುವಾಗಲೂ ಹಾಗೇ, ಆ ಎಳೆತ ಪೂರ್ತಿ ಪ್ಯಾಡಿಗೆ ಹೋಗುತ್ತದೆ.

ಅಷ್ಟಾದರೂ ಕಾರು ಜಾರತೊಡಗಿದರೆ ಹಿಡಿಯಲು ಹೋಗಬೇಡಿ. ಕೂಗಿ, ಓಡಿ. ಗೋಡೆಗೂ ಕಾರಿಗೂ ನಡುವೆ ಸಿಗುವ ಕಡೆ ಓಡಬೇಡಿ. ಎರಡು ಕಡೆ ದಾರಿ ಖಾಲಿ ಇಡಿ ಎಂದು ಹುಡುಗರಿಗೆ ದಿನಾ ಬೈಯುವುದು ಇದಕ್ಕೇ.

ಲೆಕ್ಕದ ಪುಸ್ತಕ

ಮೇಲಿನ ಪರೀಕ್ಷೆಗಳಲ್ಲಿ ಸ್ವಿಚ್, ಲಿವರ್, ಟಕ್ ಶಬ್ದ, ಆರ್ಮ್ ಇವು ದಿನದ್ದು. ರೋಪ್, ಬೋಲ್ಟ್, ಸೀಮೆಸುಣ್ಣ ತಿಂಗಳಿಗೊಮ್ಮೆ. ಮಾಡಿದ ತಾರೀಖು, ಮಾಡಿದವರ ಹೆಸರು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ವರ್ಷಕ್ಕೊಮ್ಮೆ ತಿಳಿದ ಟೆಕ್ನಿಷಿಯನ್ ಬಂದು ಪೂರ್ತಿ ನೋಡಲಿ. 1948ರ ಫ್ಯಾಕ್ಟರಿ ಕಾಯ್ದೆಯ 29ನೇ ಸೆಕ್ಷನ್ ಭಾರ ಎತ್ತುವ ಯಂತ್ರಗಳಿಗೆ 12 ತಿಂಗಳಿಗೊಮ್ಮೆ ಅರ್ಹರಿಂದ ಪರೀಕ್ಷೆ ಎಂದಿತ್ತು. ನಮ್ಮದು ಮೂರು ಜನರ ಗ್ಯಾರೇಜು, ಕಾಯ್ದೆ ತಾಗಲಿ ಬಿಡಲಿ, ನಾನು ಅದೇ ಲೆಕ್ಕ ಹಿಡಿದಿದ್ದೇನೆ.

ಇಳಿಸುವುದು

ಕೆಳಗಿನ ಟ್ರೇ, ಸ್ಟ್ಯಾಂಡ್, ಟೂಲ್ ಟ್ರಾಲಿ ತೆಗೆಯಿರಿ. ಯಾರೂ ಇಲ್ಲವೆಂದು ಬಗ್ಗಿ ನೋಡಿ. ಮೊದಲು ಒಂದೆರಡು ಇಂಚು ಮೇಲಕ್ಕೆ ಎತ್ತಿ, ಲಾಕ್ ಮೇಲಿನ ಭಾರ ಹೋಗಲಿ. ಎರಡೂ ಲಾಕ್ ಬಿಡಿಸಿ, ಬಿಟ್ಟವೇ ಎಂದು ನೋಡಿ, ಆಮೇಲೆ ಲಿವರ್. ಮೊದಲ ಅರ್ಧ ಅಡಿ ಇಳಿಯುವಾಗ ಕಣ್ಣು ಎರಡೂ ಕ್ಯಾರೇಜಿನ ಮೇಲಿರಲಿ, ಫೋನಿನ ಮೇಲಲ್ಲ. ಒಂದು ಬದಿ ನಿಂತು ಇನ್ನೊಂದು ಇಳಿಯುತ್ತಿದ್ದರೆ ತಕ್ಷಣ ಲಿವರ್ ಬಿಡಿ. ಮತ್ತೆ ಮೇಲಕ್ಕೆ ಎತ್ತಿ ಮಟ್ಟಕ್ಕೆ ತಂದು, ಲಾಕ್ ಮೇಲೆ ಕೂರಿಸಿ, ಯಾಕೆ ಬಿಡಲಿಲ್ಲ ಎಂದು ಹೊರಗಿನಿಂದ ಹುಡುಕಿ. ಎತ್ತಲೂ ಆಗದಿದ್ದರೆ ಹಾಗೇ ಬಿಟ್ಟು, ಸುತ್ತ ಹಗ್ಗ ಕಟ್ಟಿ, ಕಂಪನಿಯವರಿಗೆ ಫೋನ್ ಮಾಡಿ. ಒಳಗೆ ನುಗ್ಗಿ ಸುತ್ತಿಗೆ ಹಾಕಬೇಡಿ.

ಕೊನೆಯ ಒಂದಡಿಯಲ್ಲಿ ಕಾಲು ಜೋಪಾನ. ಆರ್ಮ್ ನೆಲ ಮುಟ್ಟುವ ಜಾಗದಲ್ಲಿ ಚಪ್ಪಲಿ ಕಾಲು ಸಿಕ್ಕರೆ ಬೆರಳು ಉಳಿಯುವುದಿಲ್ಲ. ಆರ್ಮ್‌ಗಳು ಪೂರ್ತಿ ಕೆಳಗೆ ಕೂತ ಮೇಲೆ ನಾಲ್ಕನ್ನೂ ಹೊರಕ್ಕೆ ತಿರುಗಿಸಿ. ಮೂರು ತಿರುಗಿಸಿ, ನಾಲ್ಕನೆಯದನ್ನು ಮರೆತು, ಗಿರಾಕಿ ರಿವರ್ಸ್ ತೆಗೆಯುವಾಗ ಅದರ ಮೇಲೆ ಚಕ್ರ ಹತ್ತಿಸುವುದು ನಮ್ಮ ಗ್ಯಾರೇಜಿನಲ್ಲೂ ಎರಡು ಸಲ ಆಗಿದೆ. ಈಗ ಕೀಲಿ ಕೊಡುವ ಮೊದಲು ಹುಡುಗರು ಗಟ್ಟಿಯಾಗಿ ‘ಒಂದು, ಎರಡು, ಮೂರು, ನಾಲ್ಕು’ ಎಂದು ಎಣಿಸುತ್ತಾರೆ.